ಇಳಿಜಾರಿನಲ್ಲಿ ಅವನನ್ನು ಬಿಡಬೇಡಿ

ಸೈಕಲ್ ರೇಸಿನ ಮಾತು ಬಂದರೆ ನಾನು ಇವತ್ತಿಗೂ ಎದ್ದು ಒಳಗೆ ಹೋಗುತ್ತೇನೆ. ಕೇಳಿದವರು ನಗುತ್ತಾರೆ. ಹಾಲು ಹಾಕುವವನೂ ಹಿಟ್ಟು ಬೀಸುವವನೂ ತುಳಿಯುವ ಸೈಕಲ್ಲಿಗೆ ಇಷ್ಟೊಂದು ಹೆದರಿಕೆಯೇ ಎನ್ನುತ್ತಾರೆ. ಹಾಲು ಹಾಕುವವನು ನನ್ನ ತಮ್ಮ, ಹಿಟ್ಟು ಬೀಸುವವನು ನನ್ನ ಗಂಡ. ಹೆದರದೆ ಏನು ಮಾಡಲಿ?

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಅದಿರಿನ ಲಾರಿಗಳು ನಮ್ಮ ಕಡೆಯ ರಸ್ತೆಗಳನ್ನು ಅಗಿದು ಉಗುಳುತ್ತಿದ್ದ ಕಾಲ. ನಾನು ಕೊಟ್ಟೂರಿಗೆ ಸೊಸೆಯಾಗಿ ಬಂದಿದ್ದೆ, ತವರು ಹರಪನಹಳ್ಳಿ ಹತ್ತಿರದ ತೆಲಿಗಿ. ನನ್ನ ಗಂಡನಿಗೆ ಕೊಟ್ಟೂರಿನಲ್ಲಿ ಹಿಟ್ಟಿನ ಗಿರಣಿ ಇತ್ತು. ತಮ್ಮ ತೆಲಿಗಿಯಿಂದ ದಿನಾ ಬೆಳಿಗ್ಗೆ ಹಾಲಿನ ಕ್ಯಾನು ಕಟ್ಟಿಕೊಂಡು ಹರಪನಹಳ್ಳಿಗೆ ಸೈಕಲ್ ತುಳಿಯುತ್ತಿದ್ದ. ಇಬ್ಬರಿಗೂ ರೇಸಿನ ಹುಚ್ಚು. ಭಾವ ಕೊಟ್ಟೂರಿನ ತಂಡಕ್ಕೆ ಮುಂದಾಳು, ಮೈದುನ ಹರಪನಹಳ್ಳಿಯ ತಂಡಕ್ಕೆ ಮುಂದಾಳು. ನಡುವೆ ನಾನು, ಬೀಸುಕಲ್ಲಿಗೆ ಸಿಕ್ಕ ಜೋಳ.

ರೇಸು ಒಂದೇ ದಿನದ್ದಾಗಿದ್ದರೆ ಕಣ್ಣು ಮುಚ್ಚಿಕೊಂಡು ಕಳೆಯುತ್ತಿದ್ದೆ. ಇದು ದಿನಕ್ಕೊಂದು ಓಟ. ಕೂಡ್ಲಿಗಿಯಿಂದ ಕೊಟ್ಟೂರು, ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿ, ಅಲ್ಲಿಂದ ಹಡಗಲಿ, ಹಡಗಲಿಯಿಂದ ಹರಪನಹಳ್ಳಿ. ಎಲ್ಲ ಓಟಗಳ ಸಮಯ ಕೂಡಿಸಿದಾಗ ಯಾರದು ಕಡಿಮೆಯೋ ಅವನ ಊರಿಗೆ ಬಹುಮಾನದ ಕಪ್ಪು. ತಂಡದಲ್ಲಿ ಮುಂದಾಳು ಒಬ್ಬನೇ, ಉಳಿದವರು ಅವನ ಮುಂದೆ ಗಾಳಿ ಒಡೆಯುತ್ತ ಹೋಗಬೇಕು, ಅವನು ಅವರ ಹಿಂದಿನ ಚಕ್ರಕ್ಕೆ ಅಂಟಿಕೊಂಡು ಉಸಿರು ಉಳಿಸಿಕೊಳ್ಳಬೇಕು. ಇದಕ್ಕಾಗಿ ಬಿಜಾಪುರದ ಕಡೆಯಿಂದ ರೇಸಿನಲ್ಲೇ ಹೊಟ್ಟೆ ಹೊರೆಯುವ ಸವಾರರನ್ನೂ ಕರೆಸುತ್ತಿದ್ದರು. ಎದುರು ತಂಡದ ಮುಂದಾಳನ್ನು ಕಾಯುತ್ತ ಕೂತರೆ ಅವನ ಕಡೆಯ ಇನ್ನೊಬ್ಬ ಸದ್ದಿಲ್ಲದೆ ಮುಂದೆ ಜಾರಿಕೊಳ್ಳುತ್ತಿದ್ದ. ಹಾಗಾಗಿ ಯಾರನ್ನು ಕಾಯಬೇಕು, ಯಾರನ್ನು ಬಿಡಬೇಕು ಎನ್ನುವುದರ ಮೇಲೇ ಎಲ್ಲ ನಿಂತಿತ್ತು. ಇಷ್ಟೆಲ್ಲ ನನಗೆ ಬಾಯಿಪಾಠ. ಗಂಡ ಊಟಕ್ಕೆ ಕೂತಾಗ ಇದನ್ನೇ ಹೇಳುತ್ತಿದ್ದ, ತವರಿಗೆ ಹೋದರೆ ತಮ್ಮ ಇದನ್ನೇ ಹೇಳುತ್ತಿದ್ದ.

ಆ ವರ್ಷದ ದೀಪಾವಳಿಗೆ ತವರಿಗೆ ಹೋಗಿದ್ದೆ. ಬೆಳಿಗ್ಗೆ ಕೊಟ್ಟಿಗೆಯ ಮುಂದೆ ತಮ್ಮ ಕ್ಯಾನಿಗೆ ಹಾಲು ಸುರಿಯುತ್ತಿದ್ದ. ನೋಡುತ್ತಿದ್ದಂತೆ ಹಾಲು ಕ್ಯಾನು ಬಿಟ್ಟು ನೆಲಕ್ಕೆ ಸುರಿಯತೊಡಗಿತು. ಕೂಗಿದೆ, ಅವನು ತಿರುಗಲಿಲ್ಲ. ಹತ್ತಿರ ಹೋಗಿ ನೋಡಿದರೆ ಕಣ್ಣು ಬಿಟ್ಟುಕೊಂಡೇ ಇದ್ದಾನೆ, ಕರೆದದ್ದು ಮಾತ್ರ ಕೇಳಿಸುತ್ತಿಲ್ಲ. ತುಟಿ ಏನನ್ನೋ ಜಗಿಯುವಂತೆ ಅಲ್ಲಾಡುತ್ತಿತ್ತು. ಭುಜ ಹಿಡಿದು ಅಲುಗಾಡಿಸುವಷ್ಟರಲ್ಲಿ ನಿದ್ದೆಯಿಂದ ಎದ್ದವನ ಹಾಗೆ ನನ್ನನ್ನು ನೋಡಿ, ನೆಲದ ಮೇಲಿನ ಹಾಲು ನೋಡಿ, ಮುಖ ಸಣ್ಣದು ಮಾಡಿಕೊಂಡ. ಮೊದಲ ಸಲ ಅಲ್ಲವಂತೆ. ಮಳೆಗಾಲದಿಂದ ಆಗಾಗ ಹೀಗಾಗುತ್ತಿದೆಯಂತೆ, ಒಂದು ಸಲ ಸೈಕಲ್ ಮೇಲೂ ಆಗಿ ಬೇಲಿಗೆ ನುಗ್ಗಿದ್ದನಂತೆ.

ಡಾಕ್ಟರಿಗೆ ತೋರಿಸೋಣ ಎಂದೆ. ಅವನು ಹೌಹಾರಿದ. ಉಚ್ಚಂಗಿದುರ್ಗದ ಕಡೆ ಅವನಿಗೆ ಹೆಣ್ಣು ಗೊತ್ತಾಗಿತ್ತು. ಮೂರ್ಛೆ ರೋಗ ಎಂಬ ಒಂದು ಮಾತು ಹೊರಬಿದ್ದರೆ ಸಂಬಂಧ ಮುರಿಯುತ್ತದೆ, ಅವ್ವ ಎದೆ ಒಡೆದುಕೊಳ್ಳುತ್ತಾಳೆ ಎಂದ. ನಾನು ಬಾಯಿ ತೆರೆಯುವ ಮೊದಲೇ ನನ್ನ ಬಲಗೈ ಎಳೆದು ತನ್ನ ನೆತ್ತಿಯ ಮೇಲೆ ಇಟ್ಟುಕೊಂಡ.

“ಯಾರ ಮುಂದೂ ಬಾಯಿ ಬಿಡಂಗಿಲ್ಲ ಅಂತ ಆಣಿ ಮಾಡಕ್ಕ. ಭಾವನ ಮುಂದಂತೂ ಬ್ಯಾಡ.”

ತಲೆ ಮುಟ್ಟಿ ಮಾಡಿದ ಆಣೆಯ ವಿಷಯ ನಮ್ಮವರಿಗೆ ಹೇಳಬೇಕಾಗಿಲ್ಲ. ಅದನ್ನು ಮುರಿದರೆ ಕೇಡು ಮುರಿದವರಿಗಲ್ಲ, ಆ ತಲೆಗೆ. ಓದಿದವಳು ನೀನು, ಇದನ್ನೆಲ್ಲ ನಂಬುತ್ತೀಯಾ ಎಂದು ಈಗಿನವರು ಕೇಳಬಹುದು. ಬೇರೆಯವರ ತಲೆಯಾಗಿದ್ದರೆ ನಂಬುತ್ತಿರಲಿಲ್ಲವೇನೋ. ಇದು ನಾನು ಕಂಕುಳಲ್ಲಿ ಎತ್ತಿ ಬೆಳೆಸಿದವನ ತಲೆ. ಆಣೆ ಮಾಡಿಬಿಟ್ಟೆ. ಈ ವರ್ಷ ರೇಸು ಬೇಡ ಎಂದು ಕಾಲಿಗೆ ಬೀಳುವುದೊಂದು ಬಾಕಿ, ಅವನು ನಕ್ಕು ಸೈಕಲ್ ಹತ್ತಿದ. ಹೇಳಿದರೂ ಅವನಿಗೇ ಕೇಡು, ಹೇಳದಿದ್ದರೂ ಅವನಿಗೇ ಕೇಡು. ಅತ್ತ ದರಿ ಇತ್ತ ಪುಲಿ ಎಂಬ ಗಾದೆಯನ್ನು ನಾನು ಆ ತಿಂಗಳುಗಳಲ್ಲಿ ಬದುಕಿದೆ.

ಸಂಕ್ರಾಂತಿ ಕಳೆದ ಮೇಲೆ ರೇಸು ಬಂತು. ಮೊದಲ ದಿನದ ಓಟ ಕೂಡ್ಲಿಗಿಯಿಂದ ನಮ್ಮೂರಿಗೆ. ಇಬ್ಬರೂ ಒಂದೇ ಗುಂಪಿನಲ್ಲಿ ಬಂದು ಮುಟ್ಟಿದರು. ಸಂಜೆ ತಮ್ಮ ನಮ್ಮ ಮನೆಗೇ ಊಟಕ್ಕೆ ಬಂದ. ಅಕ್ಕನ ಮನೆಯ ಊಟ ಬಿಟ್ಟು ಛತ್ರದಲ್ಲಿ ಉಂಡರೆ ಜನ ಏನೆಂದಾರು? ಆದರೆ ಹರಪನಹಳ್ಳಿಯವರು ಅವನಿಗೆ, ಭಾವನ ಮನೆಯಲ್ಲಿ ಹೊಟ್ಟೆಗೆ ಕಡಿಮೆ ತಿನ್ನು, ಬಾಯಿಗೆ ಬೀಗ ಹಾಕು ಎಂದಿದ್ದರಂತೆ. ಕೊಟ್ಟೂರಿನ ತಂಡದ ಹಿರಿಯರೊಬ್ಬರು ಗಿರಣಿಗೆ ಬಂದು, ತಂಗೀ, ರೊಟ್ಟಿ ಬಡಿಯುವಾಗ ಒಂದು ಕಿವಿ ಪಡಸಾಲೆಯ ಕಡೆ ಇರಲಿ ಎಂದು ಹೇಳಿಹೋಗಿದ್ದರು. ಎಲ್ಲರಿಗೂ ತಮಾಷೆ. ನಾನು ಮಾತ್ರ ಇಬ್ಬರ ಎದುರಿಗೆ ತಾಟು ಇಟ್ಟು, ತಮ್ಮನ ಕಣ್ಣನ್ನೇ ನೋಡುತ್ತ ಕೂತಿದ್ದೆ.

ಎರಡನೇ ರೊಟ್ಟಿ ಮುರಿದವನ ಕೈ ಅಲ್ಲೇ ನಿಂತಿತು. ತುಟಿ ಅಲ್ಲಾಡತೊಡಗಿತು. ನನ್ನ ಗಂಡ ತಲೆ ಬಗ್ಗಿಸಿ ಪಲ್ಯ ಕಲಸುತ್ತಿದ್ದ, ಇನ್ನೇನು ತಲೆ ಎತ್ತಬೇಕು. ನಾನು ನೀರಿನ ಕೊಡವನ್ನು ಕಾಲಿನಿಂದ ಒದ್ದೆ. ಪಡಸಾಲೆಯೆಲ್ಲ ನೀರು. ಗಂಡ ಎದ್ದು, ಕಣ್ಣು ಕಾಣಂಗಿಲ್ಲೇನು ನಿನಗ ಎಂದು ಬೈಯುತ್ತ ಅಕ್ಕಿ ಚೀಲ ಎತ್ತಿಡಲು ಓಡಿದ. ಅವನು ತಿರುಗಿ ಬರುವಷ್ಟರಲ್ಲಿ ತಮ್ಮ ರೊಟ್ಟಿ ತಿನ್ನುತ್ತಿದ್ದ, ನೀರು ಯಾವಾಗ ಚೆಲ್ಲಿತು ಎಂದು ನನ್ನನ್ನೇ ಕೇಳಿದ. ನಾನು ಬಟ್ಟೆ ತಂದು ನೆಲ ಒರೆಸಿದೆ.

ಮರುದಿನ ಬೆಳಿಗ್ಗೆ ಗಂಡ ಅಂಗಳದಲ್ಲಿ ಚಕ್ರಕ್ಕೆ ಗಾಳಿ ಹಾಕುತ್ತಿದ್ದಾಗ ಹೋಗಿ ನಿಂತೆ. ಆಣೆ ಮುರಿಯದೆ ಏನು ಹೇಳಬಹುದು ಎಂದು ರಾತ್ರಿಯೆಲ್ಲ ತೂಗಿ ನೋಡಿದ್ದೆ.

“ರೀ, ರೇಸು ಮುಗಿಯೋತನಕ ನನ್ನ ತಮ್ಮನ್ನ ಬಿಟ್ಟು ಹೋಗಬ್ಯಾಡ್ರಿ. ಇಳಿಜಾರಿನ್ಯಾಗಂತೂ ಅವನ ಪಕ್ಕಾನ ಇರ್ರಿ.”

ಅವನು ಪಂಪು ನಿಲ್ಲಿಸಿ ನನ್ನನ್ನು ನೋಡಿದ. ಮೊದಲು ನಕ್ಕ, ಆಮೇಲೆ ನಗು ಇಳಿಯಿತು. ನಾನು ನಿನ್ನ ತಮ್ಮನ ಪಕ್ಕ ಅಂಟಿಕೊಂಡು ಕೂತರೆ ಹರಪನಹಳ್ಳಿಯವರು ಕರೆಸಿದ ಬಿಜಾಪುರದವನು ಮುಂದೆ ಹಾರುತ್ತಾನೆ, ಇದನ್ನು ನಿನಗೆ ಯಾರು ಹೇಳಿಕೊಟ್ಟರು ಎಂದು ಕೇಳಿದ. ಯಾರೂ ಹೇಳಿಕೊಟ್ಟಿಲ್ಲ, ನನಗೆ ಅಂಜಿಕೆ ಎಂದೆ. ಯಾತರ ಅಂಜಿಕೆ ಎಂದ. ನಾನು ಅಂಗಲಾಚಿ ಕೇಳಿದ್ದು ಹರಪನಹಳ್ಳಿಯವರು ಹೂಡಬಹುದಾದ ಉಪಾಯದಂತೆಯೇ ಇದೆ ಎಂದು ಹೊಳೆದದ್ದು ಆಗಲೇ. ಅವನು ಸೈಕಲ್ ಹೊರಗೆ ತೆಗೆದ.

ಮುಂದಿನ ಎರಡು ಓಟಗಳನ್ನು ನಾನು ಕಿವಿಯಿಂದ ನೋಡಿದೆ. ಗಿರಣಿಯ ಪಕ್ಕದಲ್ಲಿ ಒಂದು ಎಸ್‌ಟಿಡಿ ಬೂತ್ ಇತ್ತು, ತಂಡದವರು ಅಲ್ಲಿಗೆ ಫೋನು ಮಾಡುತ್ತಿದ್ದರು. ಫೋನು ಗಣಗಣ ಎಂದಾಗಲೆಲ್ಲ ನನಗೆ ಲಾರಿಯ ಬ್ರೇಕೇ ಕೇಳಿಸುತ್ತಿತ್ತು. ಹಗರಿಬೊಮ್ಮನಹಳ್ಳಿಯಿಂದ ಎಲ್ಲ ಸುಖ ಎಂಬ ಸುದ್ದಿ ಬಂತು. ಹಡಗಲಿಯಿಂದ ಬಂದ ಸುದ್ದಿಗೆ ಬೂತಿನ ಮುಂದೆ ಜನ ಕುಣಿದರು. ಒಟ್ಟು ಸಮಯದಲ್ಲಿ ನನ್ನ ಗಂಡನೇ ಮೊದಲು, ತಮ್ಮ ಅವನ ಬೆನ್ನಿಗೇ ಎರಡನೆಯವನು, ಹರಪನಹಳ್ಳಿ ತಂಡದ ಬಿಜಾಪುರದವನು ಮೂರನೆಯವನು. ಇನ್ನುಳಿದದ್ದು ಒಂದೇ ಓಟ. ಹರಪನಹಳ್ಳಿ ಸಮೀಪಿಸುವಾಗಿನ ಇಳಿಜಾರಿನಲ್ಲಿ ನಮ್ಮವನು ಮೈದುನನನ್ನು ಹಿಂದೆ ಬಿಟ್ಟು ಹೋಗುತ್ತಾನೆ, ತಂಡದ ಲೆಕ್ಕಾಚಾರ ಅದೇ ಎಂದು ಬೂತಿನವನು ಖುಷಿಯಿಂದ ಹೇಳಿದ. ನಾನು ಗಿರಣಿಗೆ ಬೀಗ ಹಾಕಿ ಬಸ್ಸು ಹತ್ತಿದೆ.

ಹರಪನಹಳ್ಳಿಯಲ್ಲಿ ಓಟ ಮುಗಿಯುವ ಗೆರೆ ಎಳೆದ ಜಾಗದಲ್ಲಿ ಅವ್ವ ಆಗಲೇ ಬಂದು ನಿಂತಿದ್ದಳು. ಮಗ ಗೆದ್ದರೂ ಸರಿ, ಅಳಿಯ ಗೆದ್ದರೂ ಸರಿ ಎಂದು ಎಲ್ಲರಿಗೂ ಹೇಳುತ್ತಿದ್ದಳು. ಅವಳ ಕೈ ಹಿಡಿದುಕೊಂಡೆ. ನಿನ್ನ ಕೈ ಯಾಕಿಷ್ಟು ತಣ್ಣಗಿದೆ ಎಂದಳು. ಬಸ್ಸಿನ ಗಾಳಿ ಎಂದೆ.

ಮೊದಲು ಬಂದವನು ಒಬ್ಬನೇ, ಬಿಜಾಪುರದವನು. ಹರಪನಹಳ್ಳಿಯವರು ಅವನನ್ನು ಸೈಕಲ್ ಸಮೇತ ಎತ್ತಿಕೊಂಡರು. ಆಮೇಲೆ ಗುಂಪು ಬಂತು. ಅದರಲ್ಲಿ ನನ್ನವರು ಇಬ್ಬರೂ ಇರಲಿಲ್ಲ. ಒಂದು ಅದಿರಿನ ಲಾರಿ ಹಾರ್ನು ಹಾಕುತ್ತ ಬಂತು, ಇನ್ನೊಂದು ಬಂತು. ನಾನು ಲಾರಿಗಳ ಚಕ್ರ ನೋಡುತ್ತಿದ್ದೆ, ಹೇಳಲು ನಾಚಿಕೆಯಾಗುತ್ತದೆ, ಅವುಗಳಿಗೆ ಏನಾದರೂ ಅಂಟಿದೆಯೋ ಎಂದು ನೋಡುತ್ತಿದ್ದೆ. ಉಚ್ಚಂಗೆಮ್ಮನಿಗೆ ಏನೇನು ಹರಕೆ ಹೊತ್ತೆನೋ ನೆನಪಿಲ್ಲ.

ಬಹಳ ಹೊತ್ತಿನ ಮೇಲೆ ಇಬ್ಬರೂ ಜೊತೆಯಾಗಿ ಬಂದರು, ಸಂತೆಗೆ ಹೋಗಿ ಬರುವವರಷ್ಟು ನಿಧಾನವಾಗಿ. ತಮ್ಮ ರಸ್ತೆಯ ಅಂಚಿಗೆ, ನನ್ನ ಗಂಡ ಲಾರಿ ಓಡಾಡುವ ಬದಿಗೆ. ಇಬ್ಬರ ಬಟ್ಟೆಗೂ ಕೆಂಪು ಮಣ್ಣು. ಚೈನು ಬಿದ್ದಿತ್ತು ಎಂದ ತಮ್ಮ, ನನ್ನ ಕಣ್ಣು ತಪ್ಪಿಸಿ. ಕಪ್ಪು ಹರಪನಹಳ್ಳಿಯ ಪಾಲಾಯಿತೆಂದು ಕೊಟ್ಟೂರಿನವರು ನನ್ನ ಗಂಡನನ್ನು ಸುತ್ತುವರಿದರು. ಎದುರಾಳಿಯ ಚೈನು ಬಿದ್ದರೆ ನೀನು ಯಾಕೆ ನಿಂತೆ ಎಂದು ಕೇಳಿದರು. ಅವನು ಮುಖ ತೊಳೆದುಕೊಂಡ. ನಾನು ಇಬ್ಬರ ಕೈಕಾಲುಗಳನ್ನೂ ಕಣ್ಣಿನಿಂದಲೇ ಎಣಿಸಿ ಮುಗಿಸಿ ಅಲ್ಲೇ ಕಟ್ಟೆಯ ಮೇಲೆ ಕೂತೆ.

ತಮ್ಮ ಉಳಿದ ಎಂಬ ಸಮಾಧಾನ ಬಸ್ಸಿನಲ್ಲಿ ಕೊಟ್ಟೂರು ಮುಟ್ಟುವಷ್ಟರಲ್ಲಿ ಕರಗಿತು. ಗಂಡ ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡಿದ. ಊರಿನಲ್ಲಿ ಜನ ಬಿಡುತ್ತಾರೆಯೇ? ಗಿರಣಿಗೆ ಜೋಳ ತಂದವರು, ಹೆಂಡತಿಯ ತವರಿಗೆ ಉಡಿ ತುಂಬಲು ಸೀರೆ ಸಿಗಲಿಲ್ಲವೇ, ಕಪ್ಪೇ ಬೇಕಾಯಿತೇ ಎಂದು ಕೇಳುತ್ತಿದ್ದರು. ತಂಡದವರು ಅವನೊಡನೆ ಮಾತು ಬಿಟ್ಟರು. ಅವನು ರೆಪ್ಪೆಯ ಮೇಲಿನ ಹಿಟ್ಟು ಒರೆಸಿಕೊಂಡು ಗಿರಣಿಯ ಬೆಲ್ಟು ಸರಿಪಡಿಸುತ್ತಿದ್ದ. ಮನೆಯಲ್ಲಿಯೂ ಬೇಕಾದಷ್ಟೇ ಮಾತು. ನಾನು ಅವನನ್ನು ಮೋಸಗೊಳಿಸಿದೆ, ತವರಿಗಾಗಿ ಗಂಡನ ಮಾನ ಕಳೆದೆ ಎಂದು ಅವನು ನಂಬಿದ್ದಾನೆ ಎನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಅಲ್ಲ ಎಂದು ಹೇಳಬೇಕಾದರೆ ಕಾರಣ ಹೇಳಬೇಕು. ಹೇಳಿದರೆ ತಮ್ಮನ ತಲೆ. ಮೊದಲು ಒಬ್ಬನನ್ನು ಕಳೆದುಕೊಳ್ಳುವ ಭಯವಿತ್ತು, ಈಗ ಇಬ್ಬರನ್ನೂ. ಬೂತಿನ ಫೋನು ಗಣಗಣ ಎಂದರೆ ಆಗಲೂ ರೊಟ್ಟಿ ಬಡಿಯುವ ಕೈ ನಿಲ್ಲುತ್ತಿತ್ತು.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಅವನು ಗಿರಣಿ ನಿಲ್ಲಿಸಿ ಮನೆಗೆ ಬಂದ. ನಾನು ಒಲೆಯ ಮುಂದೆ ಇದ್ದೆ. ಬಾಗಿಲಲ್ಲಿ ನಿಂತುಕೊಂಡೇ ಹೇಳಿದ.

“ನಾಳಿ ದಾವಣಗೇರಿಗೆ ಹೋಗೂಣು. ಅಲ್ಲಿ ದೊಡ್ಡ ಡಾಕ್ಟರ್ ಅದಾರ. ನಿನ್ನ ತಮ್ಮನ್ನೂ ಒಪ್ಪಿಸೇನಿ, ಬರ್ತಾನ. ಯಾಕ ಅಂತ ಮಾತ್ರ ಕೇಳಬ್ಯಾಡ, ನಾ ಹೇಳಂಗಿಲ್ಲ.”

ಆಗಲಿ ಎಂದೆ. ದಾರಿಗೆ ಬುತ್ತಿ ಬೇಕಲ್ಲ ಎಂದು ಇನ್ನಷ್ಟು ಹಿಟ್ಟು ಹಾಕಿಕೊಂಡು ನಾದತೊಡಗಿದೆ. ಅವನು ಹೋಗಲಿಲ್ಲ. ಈಗ ಅವನ ದನಿ ಬೇರೆಯಾಗಿತ್ತು.

“ಯಾಕ ಅಂತ ನೀ ಯಾಕ ಕೇಳವಲ್ಲಿ?”

ನಾನು ಹಿಟ್ಟಿನಿಂದ ಕಣ್ಣು ಎತ್ತಲಿಲ್ಲ. ತಮ್ಮನನ್ನು ಡಾಕ್ಟರ ಹತ್ತಿರ ಕರೆದೊಯ್ಯುತ್ತೇನೆ ಎಂದರೆ ಅಳಬೇಕಾದ, ಚೀರಬೇಕಾದ ಅಕ್ಕ ನಾನು, ಸುಮ್ಮನೆ ಬುತ್ತಿ ಕಟ್ಟಲು ಕೂತಿದ್ದೆ. ಅವನು ಒಳಗೆ ಬಂದು ನನ್ನ ಎದುರಿಗೆ ನೆಲದ ಮೇಲೆ ಕೂತ.

“ಅವ ನಿನ್ನ ಕೈಲೂ ತಲಿ ಮುಟ್ಟಿಸಿಕೊಂಡಾನ?”

ನಿನ್ನ ಕೈಯಿಂದಲೂ ಎಂದ. ಆ ಒಂದು ಮಾತಿನಲ್ಲಿ ನನಗೆ ಇಳಿಜಾರು ಕಂಡಿತು, ಓಡುವ ಸೈಕಲ್ಲಿನ ಮೇಲೆ ತಮ್ಮನ ತುಟಿ ಅಲ್ಲಾಡಿದ್ದು, ಇವನು ಅವನನ್ನು ಹಿಡಿದು ರಸ್ತೆಯಂಚಿನ ಮಣ್ಣಿಗೆ ಎಳೆದದ್ದು, ಎಚ್ಚರಾದ ಮೇಲೆ ತಮ್ಮ ಇವನ ಕೈಯನ್ನೂ ನೆತ್ತಿಯ ಮೇಲೆ ಇಟ್ಟುಕೊಂಡದ್ದು, ಅಕ್ಕನಿಗೆ ಗೊತ್ತಾಗಬಾರದು ಎಂದದ್ದು. ನಾನು ಹೂಂ ಎನ್ನಲಿಲ್ಲ. ತಲೆ ಆಡಿಸಿದರೂ ಆಣೆ ಮುರಿದಂತೆ ಆದೀತೆಂದು ಕತ್ತು ಬಿಗಿಹಿಡಿದು ಕೂತೆ. ಕಣ್ಣೀರನ್ನು ಮಾತ್ರ ಹಿಡಿಯಲಾಗಲಿಲ್ಲ.

“ನಿನಗ ಅಂಜಿಕಿ ಆಗಬಾರದು ಅಂತ ಇಷ್ಟು ದಿನ ನಾ ಒಬ್ಬನ ಅಂಜಿಕೊಂಡು ಕುಂತಿದ್ದೆ” ಎಂದ.

“ನಾನೂ” ಎಂದೆ. ಅಷ್ಟು ಮಾತಿಗೆ ಆಣೆಯೊಳಗೆ ಜಾಗವಿದ್ದೀತು ಎಂದುಕೊಂಡೆ.