ನಾನು ಹಾಕಿದ ನಕ್ಷತ್ರ ಚಿಹ್ನೆ

ಸುಮಿತ್ರಾ ಅವರೇ, ಆ ವರದಿಯನ್ನು ತಿದ್ದಲು ಸಾಧ್ಯವಿದ್ದದ್ದು ನಿಮ್ಮೊಬ್ಬರಿಗೇ ಅಲ್ಲ. ಆಫೀಸಿನ ಹನ್ನೊಂದು ಕಂಪ್ಯೂಟರುಗಳಲ್ಲಿ ಯಾವುದರಿಂದ ಬೇಕಾದರೂ ತಿದ್ದಬಹುದಿತ್ತು. ಹಾಗೆ ತೆರೆದಿಟ್ಟವನು ನಾನು. ಗೊತ್ತಿದ್ದೂ ಸುಳ್ಳು ಹೇಳಿದವನೂ ನಾನೇ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಕಾಫಿ ಬೀಜ ಹದಮಾಡಿ ವಿಂಗಡಿಸುವ ಚಿಕ್ಕಮಗಳೂರಿನ ನಮ್ಮ ಕ್ಯೂರಿಂಗ್ ವರ್ಕ್ಸ್‌ನಲ್ಲಿ ನೀವು ಕಾಫಿಯ ರುಚಿ ನೋಡಿ ವರದಿ ಬರೆಯುವವರು, ನಾನು ಕಂಪ್ಯೂಟರ್ ನೋಡಿಕೊಳ್ಳುವವನು. ನಾಲಿಗೆ ಕೆಡಬಾರದೆಂದು ಸೀಸನ್ ಮುಗಿಯುವ ತನಕ ಉಪ್ಪಿನಕಾಯಿ, ಇಂಗು, ಎಲೆಯಡಿಕೆ ಯಾವುದನ್ನೂ ನೀವು ಮುಟ್ಟುತ್ತಿರಲಿಲ್ಲ. ಊಟದ ಹೊತ್ತಿಗೆ ನಿಮ್ಮ ಸಪ್ಪೆ ಮೊಸರನ್ನ ನೋಡಿ ಬಾಣಂತಿ ಪಥ್ಯ ಎಂದು ನಾನು ಛೇಡಿಸುತ್ತಿದ್ದೆ.

ಯುನಿಕ್ಸ್ ಜಾತಿಯ ನಮ್ಮ ಸರ್ವರಿನಲ್ಲಿ ಯಾವ ಫೋಲ್ಡರನ್ನು ಯಾವ ಕಂಪ್ಯೂಟರ್ ಓದಬಹುದು, ಯಾವುದು ತಿದ್ದಬಹುದು ಎಂಬುದೆಲ್ಲ /etc/exports ಎಂಬ ಒಂದು ಪುಟ್ಟ ಕಡತದಲ್ಲಿರುತ್ತಿತ್ತು. ನಿಮ್ಮ ವರದಿಗಳ ಫೋಲ್ಡರಿನ ಸಾಲಿನಲ್ಲಿ ಇದ್ದದ್ದು ನಿಮ್ಮ ಕಂಪ್ಯೂಟರಿನ ಹೆಸರೊಂದೇ. ಗೋದಾಮಿನವರು ತಮಗೆ ಫೋಲ್ಡರ್ ಕಾಣಿಸುತ್ತಿಲ್ಲವೆಂದು ಜೀವ ತಿಂದಾಗ ಆ ಹೆಸರನ್ನು ಅಳಿಸಿ ಅಲ್ಲೊಂದು ನಕ್ಷತ್ರ ಚಿಹ್ನೆ ಹಾಕಿದೆ. ಅಂದರೆ, ಯಾರು ಬೇಕಾದರೂ. ತಿದ್ದುವ ಅನುಮತಿಯನ್ನಾದರೂ ತೆಗೆಯಬೇಕಿತ್ತು — ನಾಳೆ ಮಾಡಿದರಾಯಿತು ಎಂದುಕೊಂಡೆ.

ಕಳಸದ ಕಡೆಯಿಂದ ಬಂದ ಕಾಫಿಯ ಒಂದು ಲಾಟಿಗೆ ನೀವು 'ಮಣ್ಣಿನ ವಾಸನೆ' ಎಂದು ಬರೆದಿದ್ದಿರಿ. ಖರೀದಿದಾರರ ಕೈಗೆ ಹೋದ ವರದಿಯಲ್ಲಿ 'ಶುದ್ಧ ರುಚಿ' ಎಂದಿತ್ತು. ಸರಕು ವಾಪಸ್ ಬಂತು. ಮ್ಯಾನೇಜರು ನಮ್ಮಿಬ್ಬರನ್ನೂ ಕರೆಸಿದರು.

"ಅದ್ರಲ್ಲಿ ಬೇರೆ ಯಾರಿಗಾದ್ರೂ ಬರಿಯಕ್ಕಾಗುತ್ತೇನ್ರೀ?"

ನೀವು ನನ್ನ ಕಡೆ ತಿರುಗಿದಿರಿ. "ನೀವೇ ಹೇಳಿ ಮಾರಾಯ್ರೆ, ನಾ ಅಂಥದ್ ಬರೀತೀನಾ?"

"ಇಲ್ಲ ಸಾರ್, ಅವ್ರೊಬ್ರಿಗೇ ಆಗೋದು" ಅಂದೆ.

ಹೊರಗೆ ಬಂದವನೇ ನಕ್ಷತ್ರ ಅಳಿಸಿ ನಿಮ್ಮ ಕಂಪ್ಯೂಟರಿನ ಹೆಸರನ್ನು ಮತ್ತೆ ಬರೆದೆ. ಎರಡು ನಿಮಿಷದ ಕೆಲಸ. ತಿದ್ದಿದವರು ಯಾರೋ ಇಂದಿಗೂ ತಿಳಿಯದು. ಗೋದಾಮಿನವರೇ? ಡಿಸ್ಪ್ಯಾಚಿನವರೇ? ವರ್ಷಗಟ್ಟಲೆ ಒಬ್ಬೊಬ್ಬರ ಮುಖವನ್ನೂ ಅನುಮಾನದಿಂದಲೇ ನೋಡಿದೆ — ಯಾರಾದರೂ ನನ್ನನ್ನು ಹಾಗೆ ನೋಡುತ್ತಿದ್ದಾರೆಯೇ ಎಂದೂ ನೋಡಿದೆ. ಯಾರೂ ನೋಡಲಿಲ್ಲ. ಎಲ್ಲರ ಕಣ್ಣೂ ನಿಮ್ಮ ಮೇಲಿತ್ತು. ನಾಲಿಗೆ ಮಾರಿಕೊಂಡವಳು ಎಂದು ನಿಮಗೆ ಕೇಳಿಸುವಂತೆಯೇ ಆಡಿಕೊಂಡರು.

ನಿಮ್ಮನ್ನು ರುಚಿ ನೋಡುವ ಕೋಣೆಯಿಂದ ತೆಗೆದು, ಕೆಟ್ಟ ಕಪ್ಪು ಬೀಜ ಆರಿಸಿ ತೆಗೆಯುವ ಹೆಂಗಸರ ಮೇಲ್ವಿಚಾರಣೆಗೆ ಶೆಡ್ಡಿಗೆ ಹಾಕಿದರು. ವಾರ ಕಳೆದು ಊಟದ ಹೊತ್ತಿಗೆ ಅಲ್ಲಿಗೆ ಬಂದೆ. ಸೀಸನ್ ಇನ್ನೂ ಮುಗಿದಿರಲಿಲ್ಲ. ನೀವು ಮೊಸರನ್ನಕ್ಕೆ ಮಾವಿನ ಮಿಡಿ ಉಪ್ಪಿನಕಾಯಿ ನೆಂಚಿಕೊಂಡು ತಿನ್ನುತ್ತಿದ್ದಿರಿ.

"ಇನ್ನು ಈ ನಾಲ್ಗೆಗೆ ಎಂತ ಪಥ್ಯ?" ಎಂದಿರಿ. ಕಂಪ್ಯೂಟರಿನಲ್ಲಿ ಇದ್ದದ್ದನ್ನೇ ನಾನು ಹೇಳಿದೆನೆಂದು ನಂಬಿದ್ದಿರೇನೋ; ಇಡೀ ವರ್ಕ್ಸ್‌ನಲ್ಲಿ ನಿಮಗೆ ಅನುಮಾನ ಬಾರದೆ ಉಳಿದವನು ಬಹುಶಃ ನಾನೊಬ್ಬನೇ. ಡಬ್ಬಿಯಿಂದ ಒಂದು ಮಿಡಿ ತೆಗೆದು ನನ್ನತ್ತ ಚಾಚಿದಿರಿ.

ನಾನು ಇಸಕೊಂಡು ತಿಂದೆ.