ರೇಡಿಯೋ ಹನುಮಂತಪ್ಪನ ಪ್ರೈಮರಿ ಕೀ

ಗೆಳೆಯರೇ, ಇವತ್ತು ಹೊಸಪೇಟೆಯ ನಮ್ಮ ಕಾಲೇಜಿನ ಡೇಟಾಬೇಸ್ ಲ್ಯಾಬಿನಾಗ ವಡ್ಡು ಊರಿನ ಹುಡುಗಿಯೊಬ್ಬಾಕಿ ತನ್ನ ಓಣಿ ಮಂದೀದು ಒಂದು ಟೇಬಲ್ ಮಾಡಿದ್ಲು. ಒಬ್ಬೊಬ್ಬರನ್ನ ಬ್ಯಾರೆ ಬ್ಯಾರೆ ಗುರುತಿಸೋ ಪ್ರೈಮರಿ ಕೀ ಜಾಗದಾಗ ಅಡ್ಡಹೆಸರು! ರೇಡಿಯೋ ಹನುಮಂತಪ್ಪ, ಹುಣಸಿಗಿಡದ ಹನುಮಂತಪ್ಪ, ಗಡ್ಡದ ಹನುಮಂತಪ್ಪ.

ನಾ ರೇಗಿದೆ: “ಒಬ್ಬೊಬ್ಬರಿಗೂ ನಂಬರ್ ಕೊಡವ್ವಾ. ಕೀ ಅಂದ್ರ ಇಬ್ಬರಿಗೆ ಒಂದೇ ಇರಬಾರದು, ಎಂದೂ ಬದಲಾಗಬಾರದು.”

“ಬದಲಾಗಂಗಿಲ್ರೀ ಮೇಡಂ. ಆ ರೇಡಿಯೋ ಗುಜರಿಗೆ ಹೋಗಿ ಭಾಳ ವರ್ಷ ಆತು. ಇವತ್ತಿಗೂ ಅವರಿಗೆ ರೇಡಿಯೋ ಹನುಮಂತಪ್ಪ ಅಂತಾನ ಕರೀತಾರ್ರಿ.”

ನಗು ಬಂತು. ಆದ್ರೂ ಮಾರ್ಕ್ಸ್ ಕಟ್ ಮಾಡಿದೆ.

ವಾಪಸ್ ಬರೋವಾಗ ಬಸ್ಸಿನಾಗ ಕಂಪ್ಲಿಯ ನಮ್ಮ ಹಳೇ ಓಣಿ ನೆನಪಾತು. ಅಲ್ಲಿ ಮೂವರು ಸರೋಜಾ ಇದ್ವಿ. ನಾನು ಸಿಂಬಳದ ಸರೋಜಾ. ಹಂಗ ಕೂಗಿದೋರನ್ನ ಕಲ್ಲು ತಗೊಂಡು ಬೆನ್ನಹತ್ತುತಿದ್ದೆ. ಈಗ ಕಾಲೇಜಿನಾಗ ನಾನೊಂದು ಎಂಪ್ಲಾಯಿ ನಂಬರ್.

ಆ ಓಣಿಯೋರು ಯಾರಾದ್ರೂ ಇದನ್ನ ಓದಿದ್ರ, ಕಾಮೆಂಟಿನಾಗ ಒಮ್ಮೆ ಹಂಗ ಕೂಗ್ರಿ. ಕಲ್ಲು ತಗಳಂಗಿಲ್ಲ.