ಮೊದಲು ನಿನ್ನ ಮಗುವಿಗೆ

ಗಂಗಮ್ಮ, ನಾನು ನಿನಗೆ ಸುಳ್ಳು ಹೇಳಿದ್ದೆ. ನನ್ನ ಮಗನಿಗೆ ದೇವಿ ಹಾಕಿಸಿದ್ದೇನೆ, ಸಿಡುಬಿನ ಲಸಿಕೆ ಚುಚ್ಚಿಸಿದ್ದೇನೆ ಎಂದು ನಿಮ್ಮ ಜಗಲಿಯ ಮೇಲೆ ಕೂತು ಹೇಳಿದೆನಲ್ಲ — ಹಾಕಿಸಿರಲಿಲ್ಲ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಬುಕ್ಕಾಂಬುಧಿಗೆ ನಾನೊಬ್ಬನೇ ಮೇಷ್ಟ್ರು, ನೀನು ನಮ್ಮ ಹಿತ್ತಿಲ ಗೋಡೆಯಾಚೆಯ ಮನೆಯವಳು. ತರೀಕೆರೆ ಕಡೆ ಸಿಡುಬು ಎದ್ದಿದೆಯೆಂದು ಸುದ್ದಿ ಬಂದಿತ್ತು. ಆದರೂ ಅಜ್ಜಂಪುರದಿಂದ ದೇವಿ ಹಾಕುವವನ ಸೈಕಲ್ಲು ಬಂದರೆ ತಾಯಂದಿರು ಮಕ್ಕಳನ್ನೆತ್ತಿಕೊಂಡು ಹೊಲಕ್ಕೆ ಓಡುತ್ತಿದ್ದರು. ನೀವು ಹೇಳಿದರೆ ಕೇಳುತ್ತಾರೆ ಎಂದು ಅವನು ನನ್ನ ದುಂಬಾಲು ಬಿದ್ದ. ನಾನು ಮನೆಮನೆಗೂ ಹೋಗಿ ಭಾಷಣ ಬಿಗಿದೆ. ಊರಿಗೆಲ್ಲ ಬುದ್ಧಿ ಹೇಳುವ ಮೇಷ್ಟ್ರು — ಥೂ!

ನಮ್ಮ ಚೊಚ್ಚಲು ಮಗು ಜ್ವರದಲ್ಲೇ ಹೋಗಿತ್ತು. ಇವನು ಐದು ತಿಂಗಳ ಕೂಸು. ಹಾಕಿಸಿದರೆ ಜ್ವರ ಬರುತ್ತದೆ, ಹಾಕಿಸದಿದ್ದರೆ ಸಿಡುಬೇ ಬಂದೀತು... ಹಲ್ಲು ಬರಲಿ, ಬಿಸಿಲು ಇಳಿಯಲಿ ಎಂದು ನಾನೂ ನನ್ನ ಹೆಂಡತಿ ಶಾರದೆಯೂ ದಿನ ತಳ್ಳಿದೆವು. ಕಡೂರಿನಲ್ಲೇ ಹಾಕಿಸಿಕೊಂಡು ಬಂದೆವೆಂದು ಎಲ್ಲರಿಗೂ ಹೇಳಿಬಿಟ್ಟಿದ್ದೆ. ದೇವಿಯ ಕಲೆಯಿಲ್ಲದ ರಟ್ಟೆ ಕಾಣದಿರಲೆಂದು ಶಾರದೆ ಆ ಸೆಕೆಯಲ್ಲೂ ಕೂಸಿಗೆ ತುಂಬುತೋಳಿನ ಜುಬ್ಬ ತೊಡಿಸುತ್ತಿದ್ದಳು.

ನನ್ನ ಮಾತು ಕೇಳಿ ನೀನು ನಿನ್ನ ಮಗಳು ಪುಟ್ಟಿಯ ತೋಳು ಒಡ್ಡಿದೆ. ಏಳನೆಯ ದಿನ ಅವಳ ರಟ್ಟೆ ಬಾತು, ಮೈ ಕೆಂಡದಂತೆ ಸುಡುತ್ತಿತ್ತು. ನೀನು ಅವಳನ್ನೆತ್ತಿಕೊಂಡು ನಮ್ಮ ಬಾಗಿಲಿಗೆ ಬಂದೆ.

"ಮೇಷ್ಟ್ರೇ, ನಿಮ್ ಮಗೀಗೂ ಹಿಂಗೇ ಆಗಿತ್ತಾ?"

"ಹೂಂ ಕಣಮ್ಮ, ಹಿಂಗೇ ಆಗಿತ್ತು. ಮೂರು ದಿನಕ್ಕೆ ಇಳೀತು. ಏನೂ ಆಗಲ್ಲ, ಹೋಗು."

ಎಲ್ಲಿಂದ ಬಂತೋ ಆ ಮೂರು ದಿನ! ನನಗೇನು ಗೊತ್ತಿತ್ತು? ಗಾಡಿ ಕಟ್ಟಿಸಿ ಅಜ್ಜಂಪುರಕ್ಕೆ ಡಾಕ್ಟರ ಹತ್ತಿರ ಕಳಿಸಬಹುದಿತ್ತು. ಆದರೆ ಕಳಿಸಿದರೆ, ಮೇಷ್ಟ್ರಿಗೇ ಧೈರ್ಯವಿಲ್ಲ ಎಂದು ನಿನಗೆ ತಿಳಿದುಹೋದರೆ — ನೀನು ನನ್ನನ್ನು ನಂಬಿ ವಾಪಸು ಹೋದೆ.

ಆ ದಿನಗಳಲ್ಲಿ ಪಾಠ ಬಿಟ್ಟು ಬಂದವನೇ ಹಿತ್ತಿಲ ಗೋಡೆಗೆ ಕಿವಿಗೊಟ್ಟು ನಿಲ್ಲುತ್ತಿದ್ದೆ. ಪುಟ್ಟಿ ಅತ್ತರೆ ಎದೆ ಧಸಕ್ಕೆನ್ನುತ್ತಿತ್ತು, ಅಳು ನಿಂತರೆ ಇನ್ನೂ ಹೆಚ್ಚು. ಶಾರದೆ ಒಮ್ಮೆ ಹಿಂದೆ ಬಂದು ನಿಂತು, "ಅವಳ ಮಗೂನೂ ಮಗೂನೇ ಅಲ್ವೇನ್ರೀ?" ಎಂದಳು. ನಾನು ರೇಗಿ ಅವಳ ಬಾಯಿ ಮುಚ್ಚಿಸಿದೆ.

ನೀನು ನಮ್ಮ ಬಾಗಿಲಿಗೆ ಬಂದುಹೋದ ನಾಲ್ಕನೆಯ ದಿನ ಪುಟ್ಟಿಯ ಜ್ವರ ಬಿಟ್ಟಿತು. ಮರುದಿನವೇ, ನೆಂಟರ ಮನೆಗೆಂದು ಹೇಳಿ, ನಾವು ಮಗನನ್ನು ಕರೆದುಕೊಂಡು ಕಡೂರಿಗೆ ಬಸ್ಸು ಹತ್ತಿದೆವು. ಹೌದು, ಆಗ ಹಾಕಿಸಿದೆವು.

ನೀನು ಊರೆಲ್ಲ ಹೇಳಿಕೊಂಡು ಬಂದೆ: "ಮೇಷ್ಟ್ರು ಮೊದ್ಲು ತಮ್ ಮಗೀಗೆ ಹಾಕ್ಸಿ ಆಮೇಲೆ ನಮ್ಗೇಳಿದ್ರು ಕಣ್ರಪ್ಪ." ನಿನ್ನ ಮಾತಿಗೆ ಊರು ಸಾಲುಗಟ್ಟಿತು. ಸಿಡುಬು ನಮ್ಮಲ್ಲಿಗೂ ಬಂದಾಗ ಪುಟ್ಟಿಯೂ ನನ್ನ ಮಗನೂ ಕ್ಷೇಮವಾಗಿದ್ದರು. ದೇವಿ ಹಾಕಿಸು ಎಂದದ್ದು ತಪ್ಪಲ್ಲ, ಇಂದಿಗೂ ಅದನ್ನೇ ಹೇಳುತ್ತೇನೆ. ನಿನ್ನ ಮಗುವನ್ನು ಮುಂದೆ ಬಿಟ್ಟು ನಾನು ಹಿಂದೆ ನಿಂತು ನೋಡಿದೆನಲ್ಲ — ಅದಕ್ಕೆ ನಿನ್ನ ಮುಂದೆ ತಲೆ ತಗ್ಗಿಸಿದ್ದೇನೆ.

ಇನ್ನೊಂದನ್ನೂ ಹೇಳಿಬಿಡಬೇಕು. ಪುಟ್ಟಿ ಉಳಿಯದೇ ಹೋಗಿದ್ದರೆ ನಿನ್ನ ಮುಂದೆ ನಿಜ ಹೇಳುತ್ತಿದ್ದೆನೇ? ಇಲ್ಲ ಗಂಗಮ್ಮ. ನಿಮ್ಮ ಜಗಲಿಯ ಮೇಲೆ ಕೂತು ನಿನ್ನ ಜೊತೆ ಅಳುತ್ತಿದ್ದೆ. ಆಮೇಲೆ ಮನೆಗೆ ಬಂದು, ನಮ್ಮ ಮಗನಿಗೆ ಹಾಕಿಸುವುದು ಬೇಡ ಎಂದು ಶಾರದೆಗೆ ಹೇಳುತ್ತಿದ್ದೆ.